ಕಡಲ ಗಾಳಿಯ ಸೈಕಲ್‌ಗೆ ಲ್ಯಾನೊಲಿನ್ ಸ್ಪ್ರೇ: ಮೂರು ವರ್ಷ ಬಳಸಿದ ಮೇಲೆ

ನನ್ನ ಹಳೆಯ ಸೈಕಲ್ ಕಳ್ಳರ ಪಾಲಾಗಲಿಲ್ಲ, ಉಪ್ಪಿನ ಪಾಲಾಯಿತು. ಸ್ಟೀಲ್ ಫ್ರೇಮ್, ಅಲ್ಯುಮಿನಿಯಂ ಸೀಟ್ ಪೋಸ್ಟ್ (ಸೀಟು ಹೊತ್ತು ಫ್ರೇಮಿನೊಳಗೆ ಇಳಿಯುವ ಕೋಲು). ಸಮುದ್ರದ ಪಕ್ಕದ ರಸ್ತೆಯಲ್ಲೇ ದಿನಾ ಓಡಾಟ. ಮೇಲಿಂದ ಒರೆಸಿ ಒರೆಸಿ ಫಳಫಳ ಅಂತ ಇಟ್ಟಿದ್ದೆ. ಒಂದು ದಿನ ಸೀಟು ಸ್ವಲ್ಪ ಇಳಿಸೋಣ ಅಂತ ಬೋಲ್ಟ್ ಸಡಿಲ ಮಾಡಿದರೆ, ಪೋಸ್ಟ್ ಜಪ್ಪಯ್ಯ ಅಂದರೂ ಅಲುಗಲಿಲ್ಲ. ಎರಡು ಬೇರೆ ಬೇರೆ ಲೋಹಗಳ ನಡುವೆ ಉಪ್ಪುನೀರು ಕೂತರೆ ಅದೊಂದು ಪುಟ್ಟ ಬ್ಯಾಟರಿ. ಅಲ್ಯುಮಿನಿಯಂ ಕರಗಿ ಬಿಳಿ ಪುಡಿಯಾಗುತ್ತದೆ. ಆ ಪುಡಿಗೆ ಲೋಹಕ್ಕಿಂತ ಜಾಸ್ತಿ ಜಾಗ ಬೇಕು, ಹಾಗಾಗಿ ಪೈಪಿನೊಳಗೆ ಬೆಣೆ ಬಡಿದ ಹಾಗೆ ಬಿಗಿದುಕೊಳ್ಳುತ್ತದೆ. ಪೋಸ್ಟ್ ಕೊಯ್ದು ತೆಗೆಯಲು ಹೋಗಿ ಫ್ರೇಮನ್ನೇ ಕೊಯ್ದೆ.

ಹೊಸ ಸೈಕಲ್ ಬಂದಾಗ ಜೊತೆಗೇ ಈ ಸ್ಪ್ರೇ ತಂದೆ. ಲ್ಯಾನೊಲಿನ್ ಅಂದರೆ ಕುರಿಯ ಉಣ್ಣೆಯಲ್ಲಿರುವ ಜಿಡ್ಡು. ಉಣ್ಣೆ ಬೇಗ ನೀರು ಹೀರದಂತೆ ಕಾಯುವುದು ಅದೇ. ಡಬ್ಬಿಯಲ್ಲಿ ಅದನ್ನು ಸಾಲ್ವೆಂಟ್‌ನಲ್ಲಿ ಕರಗಿಸಿರುತ್ತಾರೆ. ಹೊಡೆದ ಮೇಲೆ ಸಾಲ್ವೆಂಟ್ ಹಾರಿಹೋಗಿ, ಮೇಣದಂಥ ತೆಳು ಪದರ ಉಳಿಯುತ್ತದೆ. ವಾರಕ್ಕೆ ನಾಲ್ಕು ದಿನದ ಸವಾರಿಗೆ ಆರು ವಾರಕ್ಕೊಮ್ಮೆ ಹೊಡೆಯುತ್ತೇನೆ. ಒಂದು ಡಬ್ಬಿ ಹತ್ತಿರ ಹತ್ತಿರ ವರ್ಷ ಬರುತ್ತದೆ.

ಇದು ಕೆಲಸ ಮಾಡುತ್ತಾ ಅಂತ ನೋಡಲು ಶುರುವಿನಲ್ಲೇ ಒಂದು ಆಟ ಆಡಿದೆ. ಬಾಟಲಿ ಕೇಜ್‌ಗೆ ಎರಡು ಬೋಲ್ಟ್ ಇರುತ್ತವಲ್ಲ, ಮೇಲಿನದಕ್ಕೆ ಸ್ಪ್ರೇ, ಕೆಳಗಿನದಕ್ಕೆ ಏನೂ ಇಲ್ಲ. ಆರು ತಿಂಗಳಲ್ಲಿ ಕೆಳಗಿನ ಬೋಲ್ಟಿನ ಗುಳಿ ತುಂಬ ಕಂದು ಹುಡಿ. ಅಲೆನ್ ಕೀ ಹಾಕಿ ತಿರುಗಿಸಿದರೆ ಮೂಲೆಗಳು ಸವೆದು ಕೀ ಗರಗರ ಅಂತ ಸುತ್ತಿತು. ಮೇಲಿನದಕ್ಕೆ ಧೂಳು ಮೆತ್ತಿ ಕರ್ರಗಾಗಿತ್ತು. ಹೆಬ್ಬೆರಳಿನಲ್ಲಿ ಉಜ್ಜಿದೆ, ಒಳಗೆ ಹೊಸದರಂತೆ ಹೊಳೆಯಿತು. ಅವತ್ತಿನಿಂದ ಎಲ್ಲ ಬೋಲ್ಟಿನ ತಲೆ, ಗೇರಿನ ಸ್ಪ್ರಿಂಗ್, ಕಡ್ಡಿಗಳು ರಿಮ್ಮಿಗೆ ಸೇರುವ ನಿಪ್ಪಲ್, ಕೇಬಲ್ ತುದಿ, ಫ್ರೇಮ್ ಪೈಪುಗಳ ಒಳಗೆ, ಎಲ್ಲಕ್ಕೂ ಇದೇ.

ಆದರೆ ಅದೇ ಆರು ತಿಂಗಳಲ್ಲಿ ನಾನೊಂದು ದಡ್ಡತನ ಮಾಡಿದ್ದೆ. ಸ್ಪ್ರೇ ಇದೆಯಲ್ಲ ಅಂತ ತೊಳೆಯುವುದನ್ನೇ ಬಿಟ್ಟಿದ್ದೆ. ಸವಾರಿ ಮುಗಿಸಿ ಬಂದು ಉಪ್ಪಿನ ಮೇಲೇ ಹೊಡೆದೆ. ಚೈನ್ ಪಕ್ಕದ ಪೈಪಿನಲ್ಲಿ ಬಣ್ಣ ಎದ್ದ ಜಾಗದಿಂದ ಕಂದು ಗೆರೆಗಳು ಪದರದ ಕೆಳಗೇ ಹರಿದಾಡಿದ್ದವು. ಉಪ್ಪನ್ನು ಒಳಗಿಟ್ಟು ಮುಚ್ಚಳ ಹಾಕಿದ ಹಾಗಾಗಿತ್ತು. ಉಪ್ಪು ಸುಮ್ನೆ ಕೂರುವ ವಸ್ತು ಅಲ್ಲ. ಗಾಳಿಯ ತೇವ ಸುಮಾರು 75% ದಾಟಿದರೆ ಅಡುಗೆ ಉಪ್ಪು ತಾನಾಗಿ ನೀರು ಎಳೆದುಕೊಂಡು ಕರಗುತ್ತದೆ. ಸಮುದ್ರದ ನೀರಿನಲ್ಲಿರುವ ಮೆಗ್ನೀಸಿಯಂ ಕ್ಲೋರೈಡ್‌ಗೆ ಅಷ್ಟು ತೇವವೂ ಬೇಡ. ಒಣಗಿದೆ ಅಂತ ನೀವು ಒಳಗೆ ನಿಲ್ಲಿಸಿದ ಸೈಕಲ್ ರಾತ್ರಿಯಿಡೀ ಒದ್ದೆಯಾಗಿಯೇ ಇರುತ್ತದೆ.

ಉಪ್ಪು ತಿಂದವನು ನೀರು ಕುಡಿಯಲೇಬೇಕು ಅಂತಾರಲ್ಲ, ಸೈಕಲ್ಲಿಗೂ ಅದೇ ಕಾನೂನು. ಬಂದ ಕೂಡಲೇ, ಉಪ್ಪು ಒಣಗುವ ಮೊದಲೇ, ಸಿಹಿನೀರು. ಪೈಪಿನಿಂದ ಮೆಲ್ಲಗೆ, ಮೇಲಿಂದ ಕೆಳಗೆ. ಪ್ರೆಷರ್ ವಾಷರ್ ಬೇಡವೇ ಬೇಡ. ಅದರ ರಭಸಕ್ಕೆ ಬೇರಿಂಗಿನ ಸೀಲ್ ದಾಟಿ ಉಪ್ಪುನೀರೇ ಒಳಗೆ ನುಗ್ಗುತ್ತದೆ, ಗ್ರೀಸ್ ಹೊರಗೆ ಬರುತ್ತದೆ. ಆಮೇಲೆ ಸ್ವಲ್ಪ ಸೋಪು, ಮೆತ್ತನೆ ಬ್ರಷ್, ಮತ್ತೆ ನೀರು. ಚಕ್ರಗಳನ್ನು ನೆಲಕ್ಕೆ ನಾಲ್ಕು ಸಲ ಕುಟ್ಟಿದರೆ ಸಂದಿಯ ನೀರು ಉದುರುತ್ತದೆ. ಅಲೆಯೊಳಗೆ ಇಳಿದಿದ್ದರೆ ಸೀಟ್ ಪೋಸ್ಟ್ ತೆಗೆದು ಸೈಕಲ್ ತಲೆಕೆಳಗು ಮಾಡಿ. ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ, ಪೈಪಿನಲ್ಲಿ ಒಂದು ಲೋಟ ಉಳಿದರೂ ಸಾಕಲ್ವಾ? ಬಟ್ಟೆಯಲ್ಲಿ ಒರೆಸಿ ಗಾಳಿಗೆ ನಿಲ್ಲಿಸಿ. ಪೂರ್ತಿ ಆರಿದ ಮೇಲೆ ಸ್ಪ್ರೇ.

ಚೈನಿಗೆ ಮಾತ್ರ ಇದನ್ನು ಹಾಕಬೇಡಿ. ಅಂಟು ಜಾಸ್ತಿ. ಮರಳು ಕಚ್ಚಿಕೊಂಡರೆ ಚೈನ್ ಸಾಣೆಕಲ್ಲಾಗುತ್ತದೆ. ನಾನು ಚೈನಿನ ನೀರು ಓಡಿಸಲು ಡಬ್ಲ್ಯೂಡಿ-40 ಹೊಡೆದು ಒರೆಸುತ್ತೇನೆ. ಅದು 1953ರಲ್ಲಿ ಕ್ಷಿಪಣಿಗೆ ತುಕ್ಕು ಹಿಡಿಯದಿರಲೆಂದು ಮಾಡಿದ್ದು, ಹೆಸರಿನ ಅರ್ಥವೇ ನೀರು ತಳ್ಳುವ 40ನೇ ಪ್ರಯತ್ನ ಅಂತ. ಅಷ್ಟಕ್ಕೇ ನಿಲ್ಲಿಸದೆ ಒಂದೊಂದು ಕೊಂಡಿಗೂ ಮಳೆಗಾಲದ ಚೈನ್ ಆಯಿಲ್ ಬಿಟ್ಟು, ಹೊರಗಿನದನ್ನು ಒರೆಸಿ ತೆಗೆಯಬೇಕು. ಕೆಲವು ತಿಂಗಳು ಮೇಣ ಹಾಕಿದ ಚೈನ್ ಓಡಿಸಿ ನೋಡಿದೆ. ಸದ್ದಿಲ್ಲ, ಕೈಗೆ ಮಸಿಯಿಲ್ಲ, ಚೆಂದ. ಆದರೆ ಒದ್ದೆಯಾದ ಮರುದಿನ ಬೆಳಿಗ್ಗೆ ಕೊಂಡಿಗಳ ಅಂಚಿನಲ್ಲಿ ಕಿತ್ತಳೆ ಬಣ್ಣ. ವಾಪಸ್ ಆಯಿಲಿಗೇ ಬಂದೆ.

ಇನ್ನು ಸ್ಪ್ರೇ ಮೇಲಿನ ದೂರು. ಮೊದಲನೆಯದು ವಾಸನೆ. ಒಳಗೆ ಹೊಡೆದರೆ ಮನೆಯಲ್ಲಿ ನೆಂದ ಕುರಿ ಕಟ್ಟಿದ ಹಾಗೆ. ನಳಿಕೆ ಕಟ್ಟುತ್ತದೆ, ಮುಗಿಸುವಾಗ ಡಬ್ಬಿ ತಲೆಕೆಳಗು ಹಿಡಿದು ಒಂದು ಸಲ ಒತ್ತಿದರೆ ಸರಿ. ದೊಡ್ಡ ತೊಂದರೆ ಡಿಸ್ಕ್ ಬ್ರೇಕಿನದು. ಗಾಳಿ ಇದ್ದ ದಿನ ಹೊಡೆದೆ, ಮಂಜು ಹಾರಿ ಡಿಸ್ಕಿನ ಮೇಲೆ ಕೂತಿತು. ಬ್ರೇಕ್ ಒತ್ತಿದರೆ ಕಿರುಚುತ್ತದೆ, ನಿಲ್ಲುವುದಿಲ್ಲ. ಡಿಸ್ಕನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿದರೆ ಸರಿಹೋಯಿತು, ಪ್ಯಾಡ್ ಎಸೆಯಬೇಕಾಯಿತು. ಈಗ ಚಕ್ರ ಬಿಚ್ಚಿಟ್ಟೇ ಹೊಡೆಯುತ್ತೇನೆ. ಡಿಸ್ಕ್ ಹತ್ತಿರದ ಬೋಲ್ಟ್‌ಗಳಿಗೆ ಬಟ್ಟೆಗೆ ಹೊಡೆದು ಸವರುವುದು.

ಸೀಟ್ ಪೋಸ್ಟಿಗೆ ಮತ್ತು ಪೆಡಲಿನ ತಿರುಪಿಗೆ ಸ್ಪ್ರೇ ಸಾಲದು, ದಪ್ಪ ಗ್ರೀಸೇ ಬೇಕು. ಮೂರು ತಿಂಗಳಿಗೊಮ್ಮೆ ತೆಗೆದು, ಒರೆಸಿ, ಹೊಸ ಗ್ರೀಸ್ ಹಚ್ಚುತ್ತೇನೆ. ಕಾರ್ಬನ್ ಫ್ರೇಮ್ ಇದ್ದವರು ಸೀಟ್ ಪೋಸ್ಟಿಗೆ ಗ್ರೀಸ್ ಬದಲು ಜಾರದಂತೆ ಹಿಡಿಯುವ ಕಾರ್ಬನ್ ಪೇಸ್ಟ್ ಹಾಕಿ. ಸ್ಟೇನ್‌ಲೆಸ್ ಬೋಲ್ಟ್ ಹಾಕಿದ್ದೇನೆ, ಚಿಂತೆಯಿಲ್ಲ ಅನ್ನುವವರೂ ಇದ್ದಾರೆ. ಉಪ್ಪಿನಲ್ಲಿರುವ ಕ್ಲೋರೈಡ್ ಅದಕ್ಕೂ ಚುಕ್ಕಿ ಚುಕ್ಕಿಯಾಗಿ ತೂತು ಕೊರೆಯುತ್ತದೆ. ಮಾಲಿಬ್ಡಿನಂ ಅನ್ನುವ ಲೋಹ ಬೆರೆತ 316 ದರ್ಜೆಯ ಸ್ಟೇನ್‌ಲೆಸ್ ಸಾಮಾನ್ಯ 304 ದರ್ಜೆಗಿಂತ ಜಾಸ್ತಿ ತಡೆಯುತ್ತದೆ, ಅಷ್ಟೇ.

ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ. ಅಪರೂಪಕ್ಕೊಮ್ಮೆ ಸಮುದ್ರದ ಕಡೆ ಹೋಗುವವರಿಗೆ ಇದು ಬೇಕಿಲ್ಲ, ನೀರು ಮತ್ತು ಚೈನ್ ಆಯಿಲ್ ಸಾಕು. ಮರಳಿಗೆ ಇಳಿಯದಿದ್ದರೂ ದಿನಾ ಆ ಗಾಳಿಯಲ್ಲಿ ಓಡಿಸುವವರಿಗೆ ಬೇಕು. ಗಾಳಿಯಲ್ಲಿ ಉಪ್ಪೆಲ್ಲಿದೆ ಅನ್ನಿಸಿದರೆ, ತೊಳೆಯುವ ಮೊದಲು ಹ್ಯಾಂಡಲ್ ಮೇಲೆ ಬೆರಳು ಎಳೆದು ನಾಲಿಗೆಗೆ ಮುಟ್ಟಿಸಿ ನೋಡಿ. ತೊಳೆದ ಮೇಲೂ ನಾನು ಹಾಗೇ ನೋಡುತ್ತೇನೆ, ಫೋರ್ಕಿನ ಒಳಬದಿಯಲ್ಲಿ. ಉಪ್ಪುಪ್ಪು ಅನ್ನಿಸಿದರೆ ಇನ್ನೊಂದು ಬಕೆಟ್ ನೀರು.