ಡೈಯಾಜೆಪಾಮ್: ಹಳೆಯ ಚೀಟಿಯಲ್ಲಿ ಮುಂದುವರಿಸಬೇಡಿ, ಏಕಾಏಕಿ ನಿಲ್ಲಿಸಲೂಬೇಡಿ

ಮನೆಯ ಹಿರಿಯರ ಔಷಧಿ ಡಬ್ಬಿಯಲ್ಲಿ ಡೈಯಾಜೆಪಾಮ್ ಇದ್ದರೆ ದಯವಿಟ್ಟು ಇದನ್ನು ಪೂರ್ತಿ ಓದಿ.

ಅಮ್ಮನಿಗೆ ಸೊಂಟ ಹಿಡಿದುಕೊಂಡು ಏಳಲು ಕೂರಲು ಆಗದಂತಾದಾಗ ವೈದ್ಯರು ನೋವಿನ ಮಾತ್ರೆಯ ಜೊತೆ 5 ಮಿಲಿಗ್ರಾಂ ಡೈಯಾಜೆಪಾಮ್ ಬರೆದುಕೊಟ್ಟರು. ರಾತ್ರಿಗೊಂದು, ಹತ್ತು ದಿನಕ್ಕೆ ಮಾತ್ರ. ಅದರಲ್ಲಿ ತಪ್ಪೇನೂ ಇರಲಿಲ್ಲ; ಆತಂಕ ತಗ್ಗಿಸಲು, ಸೆಟೆದ ಸ್ನಾಯುಗಳನ್ನು ಸಡಿಲಿಸಲು 1963ರಿಂದಲೂ ಬಳಕೆಯಲ್ಲಿರುವ ಔಷಧ ಅದು. ನೋವು ಹೋಯಿತು, ಜೊತೆಗೆ ಎಷ್ಟೋ ವರ್ಷಗಳ ಮೇಲೆ ಅಮ್ಮನಿಗೆ ಕಣ್ತುಂಬ ನಿದ್ದೆ ಬಂತು. ಆ ನಿದ್ದೆಯ ಆಸೆಗೆ ಅದೇ ಚೀಟಿ ಹಿಡಿದು ಬೀದಿ ಕೊನೆಯ ಔಷಧಿ ಅಂಗಡಿಗೆ ಹೋಗತೊಡಗಿದರು. ಅಂಗಡಿಯವರು ದಿನಾಂಕವನ್ನೂ ನೋಡದೆ ಕೊಟ್ಟರು. ಬರಬರುತ್ತಾ ಚೀಟಿಯೂ ಬೇಕಾಗಲಿಲ್ಲ, ಖಾಲಿ ಸ್ಟ್ರಿಪ್ ತೋರಿಸಿದರೆ ಸಾಕಿತ್ತು. ಡೈಯಾಜೆಪಾಮ್ ಶೆಡ್ಯೂಲ್ ಎಚ್1ಗೆ, ಅಂದರೆ ಮಾರಾಟಕ್ಕೆ ಬಿಗಿ ನಿಯಮವಿರುವ ಔಷಧಗಳ ಸರ್ಕಾರಿ ಪಟ್ಟಿಗೆ, ಸೇರಿದ ಔಷಧ. ಚೀಟಿಯಿಲ್ಲದೆ ಮಾರುವಂತಿಲ್ಲ, ಮಾರಿದಾಗ ರೋಗಿಯ ಹೆಸರು, ವೈದ್ಯರ ಹೆಸರು, ಕೊಟ್ಟ ಪ್ರಮಾಣ ಎಲ್ಲವನ್ನೂ ಪ್ರತ್ಯೇಕ ರಿಜಿಸ್ಟರಿನಲ್ಲಿ ಬರೆದು 3 ವರ್ಷ ಇಟ್ಟುಕೊಳ್ಳಬೇಕು. ಆ ಅಂಗಡಿಯಲ್ಲಿ ಪೆನ್ನು ತೆಗೆದದ್ದನ್ನು ನಾನು ಕಾಣಲಿಲ್ಲ.

ಒಂದು ಮಾತ್ರೆಗೆ ನಿದ್ದೆ ಬಾರದಾದಾಗ ಅಮ್ಮ ಎರಡು ನುಂಗತೊಡಗಿದರು. ಬೆಳಿಗ್ಗೆ ಗೋಡೆ ಹಿಡಿದು ನಡೆಯುವುದು, ಸಾರಿಗೆ ಎರಡೆರಡು ಸಲ ಉಪ್ಪು ಹಾಕುವುದು ಶುರುವಾಯಿತು. ವಯಸ್ಸಿನ ಮರೆವು ಎಂದರು ನೆಂಟರು. ಈ ಔಷಧ ದೇಹದಿಂದ ಹೊರಹೋಗಲು ದಿನಗಳೇ ಬೇಕು, ಹಿರಿಯರಲ್ಲಿ ಇನ್ನೂ ನಿಧಾನ. ದಿನವೂ ನುಂಗಿದರೆ ನಿನ್ನೆಯದರ ಮೇಲೆ ಇಂದಿನದು ಕೂಡುತ್ತಲೇ ಹೋಗುತ್ತದೆ. ಹಿರಿಯರು ಬಿದ್ದು ಮೂಳೆ ಮುರಿದುಕೊಳ್ಳುವ ಅಪಾಯವೂ ಇದರಿಂದ ಹೆಚ್ಚುತ್ತದೆ.

ದೊಡ್ಡಮ್ಮನ ಊರಿಗೆ ಹೋಗಿದ್ದಾಗ ಮಾತ್ರೆ ಮುಗಿಯಿತು. ಅಲ್ಲಿನ ಅಂಗಡಿಯವರು ಚೀಟಿಯಿಲ್ಲದೆ ಕೊಡಲಿಲ್ಲ. ಅವರು ಮಾಡಿದ್ದು ಸರಿಯೇ. ಮೊದಲೆರಡು ದಿನ ಏನೂ ಅನ್ನಿಸಲಿಲ್ಲ. ಆಮೇಲೆ ನಿದ್ದೆ ಹಾರಿಹೋಯಿತು, ಮೈಯೆಲ್ಲ ಬೆವರು, ಕಾಫಿ ಲೋಟ ಹಿಡಿದರೆ ಕೈ ನಡುಗಿ ಸೀರೆಯ ಮೇಲೆಲ್ಲ ಚೆಲ್ಲುತ್ತಿತ್ತು. ವಾರ ತುಂಬುವಷ್ಟರಲ್ಲಿ, ಜನ್ಮದಲ್ಲಿ ಫಿಟ್ಸ್ ಕಾಣದ ಅಮ್ಮನಿಗೆ ಫಿಟ್ಸ್ ಬಂತು. ಆಸ್ಪತ್ರೆಯಲ್ಲಿ ಅದೇ ಔಷಧವನ್ನು ಮತ್ತೆ ಕೊಟ್ಟು, ತಿಂಗಳುಗಟ್ಟಲೆ ಸ್ವಲ್ಪಸ್ವಲ್ಪವೇ ಇಳಿಸಿ ಬಿಡಿಸಿದರು.

ಕೆಲವೇ ವಾರ ದಿನವೂ ತೆಗೆದುಕೊಂಡರೂ ದೇಹ ಇದಕ್ಕೆ ಒಗ್ಗಿಹೋಗಬಹುದು. ಹಾಗಾಗಿ ಇದನ್ನು ಓದಿ ಹೆದರಿ ಇಂದೇ ಮಾತ್ರೆ ಎಸೆಯಬೇಡಿ. ವೈದ್ಯರ ಬಳಿ ಹೋಗಿ, ಎಷ್ಟು ಕಾಲದಿಂದ, ದಿನಕ್ಕೆ ಎಷ್ಟು ಎಂಬುದನ್ನು ಮುಚ್ಚಿಡದೆ ಹೇಳಿ; ಹೇಗೆ ಇಳಿಸಬೇಕೆಂದು ಅವರೇ ಬರೆದುಕೊಡಲಿ. ಮದ್ಯ, ನೋವಿಗೆ ಕೊಡುವ ಟ್ರಮಡಾಲ್ ಮಾತ್ರೆ, ಕೋಡೀನ್ ಇರುವ ಕೆಮ್ಮಿನ ಸಿರಪ್ ಇದರ ಜೊತೆ ಸೇರಿದರೆ ಉಸಿರಾಟವೇ ಕುಗ್ಗಬಹುದು. ಅಲ್‌ಪ್ರಜೋಲಮ್, ಕ್ಲೋನಜೆಪಾಮ್, ಲೋರಜೆಪಾಮ್ ಕೂಡ ಇದೇ ಗುಂಪಿನವು. ಕಂಪನಿಯ ಹೆಸರು ಬೇರೆ ಬೇರೆ ಇರುವುದರಿಂದ ಸ್ಟ್ರಿಪ್ಪಿನ ಹಿಂಬದಿಯ ಸಣ್ಣ ಅಕ್ಷರಗಳನ್ನು ಓದಿ ನೋಡಿ.