ಲೀಸ್ ಕಾರಿಗೆ ಪೆಟ್ಟು ಬಿದ್ದರೆ ಸರ್ವೀಸ್ ಸೆಂಟರೋ, ಟಿಂಕರಿಂಗ್ ಅಂಗಡಿಯೋ?

ಆಫೀಸಿನ ಮೂಲಕ ಲೀಸ್‌ಗೆ ತೆಗೆದುಕೊಂಡ ಕಾರಿಗೆ ಪೆಟ್ಟು ಬಿದ್ದರೆ ಲೀಸಿಂಗ್ ಕಂಪನಿಗೆ ಫೋನ್ ಮಾಡಿ, ಅಧಿಕೃತ ಸರ್ವೀಸ್ ಸೆಂಟರಿನಲ್ಲೇ ಬಿಲ್ಲನ್ನು ಇನ್ಶೂರೆನ್ಸಿನವರೇ ಕಟ್ಟುವ ಕ್ಯಾಶ್‌ಲೆಸ್ ಕ್ಲೇಮ್ ಹಾಕಿಸಿ ರಿಪೇರಿ ಮಾಡಿಸುವುದೇ ಒಳ್ಳೆಯದು. ಮನೆ ಹತ್ತಿರದ ಟಿಂಕರಿಂಗ್ ಅಂಗಡಿ, ಊರಿಗೆ ಹೋಗುವ ದಾರಿಯ ಮಲ್ಟಿ ಬ್ರ್ಯಾಂಡ್ ಗ್ಯಾರೇಜು, ಕೊನೆಗೆ ಸರ್ವೀಸ್ ಸೆಂಟರು, ಈ ಮೂರನ್ನೂ ಒಂದೇ ಕಾರಿಗೆ ಮಾಡಿಸಿ ನೋಡಿದ ಮೇಲೆ ಹೇಳುತ್ತಿದ್ದೇನೆ.

ಕಾರು ಕ್ರೆಟಾ 1.5 ಪೆಟ್ರೋಲ್, ಬೂದು ಮೆಟಾಲಿಕ್ ಬಣ್ಣ, ನಾಲ್ಕು ವರ್ಷದ ಲೀಸ್. ಆರ್‌ಸಿ ಲೀಸಿಂಗ್ ಕಂಪನಿಯ ಹೆಸರಿನಲ್ಲಿ, ಇನ್ಶೂರೆನ್ಸ್ ಪಾಲಿಸಿಯೂ ಅವರ ಹೆಸರಿನಲ್ಲೇ. ಬಾಡಿಗೆ ಮಾತ್ರ ತಿಂಗಳು ತಿಂಗಳು ನನ್ನ ಸಂಬಳದಲ್ಲಿ ಕಡಿತ. ಓಡಾಟ ಹೆಚ್ಚಾಗಿ ಮಾರತಹಳ್ಳಿ, ಸಿಲ್ಕ್ ಬೋರ್ಡ್ ನಡುವಿನ ಹೊರವರ್ತುಲ ರಸ್ತೆಯಲ್ಲಿ. ಅಲ್ಲಿ ಓಡುವ ಕಾರಿಗೆ ಇವತ್ತಲ್ಲ ನಾಳೆ ಗೀರು ಬಿದ್ದೇ ಬೀಳುತ್ತದೆ.

ಸ್ವಂತ ಕಾರಿನ ಲೆಕ್ಕ ನಮ್ಮೆಲ್ಲರಿಗೂ ಬಾಯಿಪಾಠ: ಸಣ್ಣಪುಟ್ಟದಕ್ಕೆ ಕ್ಲೇಮ್ ಮಾಡಬೇಡ, ನೋ ಕ್ಲೇಮ್ ಬೋನಸ್ ಹೋಗುತ್ತದೆ. ಸ್ವಂತ ಕಾರಿಗೆ ಅದು ಸರಿಯೇ. ಕ್ಲೇಮ್ ಇಲ್ಲದ ಮೊದಲ ವರ್ಷಕ್ಕೆ ಓನ್ ಡ್ಯಾಮೇಜ್ (ನಮ್ಮದೇ ಕಾರಿನ ಹಾನಿಯ) ಪ್ರೀಮಿಯಂನಲ್ಲಿ ಶೇ. 20 ರಿಯಾಯಿತಿ, ಆಮೇಲೆ 25, 35, 45, ಐದು ವರ್ಷ ದಾಟಿದರೆ ಶೇ. 50. ಒಂದು ಕ್ಲೇಮ್ ಹಾಕಿದರೆ ಮತ್ತೆ ಸೊನ್ನೆಯಿಂದ ಶುರು. ಆದರೆ ಈ ಬೋನಸ್ ಸೇರುವುದು ಪಾಲಿಸಿ ಯಾರ ಹೆಸರಿನಲ್ಲಿದೆಯೋ ಅವರಿಗೆ. ನನ್ನ ಲೀಸ್ ಮುಗಿದ ದಿನ ಅದರಲ್ಲಿ ಒಂದು ಪೈಸೆಯೂ ನನ್ನ ಮುಂದಿನ ಕಾರಿಗೆ ಬರುವುದಿಲ್ಲ. ನನ್ನ ಒಪ್ಪಂದದಲ್ಲಿ ನಾಲ್ಕೂ ವರ್ಷದ ಪ್ರೀಮಿಯಂ ಬಾಡಿಗೆಯೊಳಗೇ ಸೇರಿಕೊಂಡಿದೆ. ಕ್ಲೇಮ್ ಆದರೂ ಆಗದಿದ್ದರೂ ಕಡಿತ ಅಷ್ಟೇ. ಹಾಗಿರುವಾಗ ಬೇರೆಯವರ ಬೋನಸ್ ಉಳಿಸಲು ನಾನೇಕೆ ಜೇಬಿನಿಂದ ಕೊಡಬೇಕು? ಕೆಲವು ಒಪ್ಪಂದಗಳಲ್ಲಿ ಪ್ರತಿ ವರ್ಷದ ನಿಜವಾದ ಪ್ರೀಮಿಯಂ ನಿಮ್ಮ ತಲೆಗೇ ಬರುತ್ತದೆ. ಅಂಥವರಿಗೆ ಹಳೆಯ ಲೆಕ್ಕವೇ ಸರಿ, ಒಪ್ಪಂದ ತೆಗೆದು ಒಮ್ಮೆ ಓದಿಕೊಳ್ಳಿ.

ಟಿಂಕರಿಂಗ್ ಅಂಗಡಿಯ ವಿಷಯ. ಬೈಕೊಂದರ ಹ್ಯಾಂಡಲ್ ತಗುಲಿ ಹಿಂದಿನ ಚಕ್ರದ ಮೇಲಿನ ತಗಡು ಒಳಗೆ ಹೋಗಿತ್ತು. 4,500 ರೂಪಾಯಿಗೆ ಸಂಜೆಯೊಳಗೆ ಮುಗಿಸಿಕೊಟ್ಟರು. ಕೈಕೆಲಸ ನಿಜಕ್ಕೂ ಚೆನ್ನಾಗಿತ್ತು. ಒಳಗಿನಿಂದ ತಟ್ಟಿ ತಟ್ಟಿ ತಗಡನ್ನು ಎತ್ತಿದ ರೀತಿಯನ್ನು ನಿಂತು ನೋಡಿದ್ದೇನೆ. ತೊಂದರೆ ಇದ್ದದ್ದು ಆಮೇಲಿನದರಲ್ಲಿ. ಪುಟ್ಟಿ ಮೆತ್ತಿ, ನೀರುಕಾಗದ ಉಜ್ಜಿ, ಹೊಂಗೆ ಮರದ ಕೆಳಗೆ ಬಯಲಲ್ಲೇ ಸ್ಪ್ರೇ ಹೊಡೆದರು. ಪೇಂಟ್ ಬೂತ್ (ಧೂಳು ಬಾರದ ಮುಚ್ಚಿದ ಕೋಣೆ) ಇಲ್ಲದ ಕಡೆ ಮೇಲಿನ ಪಾರದರ್ಶಕ ಪದರವಾದ ಕ್ಲಿಯರ್ ಕೋಟ್ ಒಣಗುವ ಮೊದಲೇ ಧೂಳು ಕೂರುತ್ತದೆ, ಬೆರಳಾಡಿಸಿದರೆ ತರಿತರಿ. ಮೆಟಾಲಿಕ್ ಬಣ್ಣ ಬೇಸ್‌ಮೆಂಟಿನ ಬೆಳಕಿನಲ್ಲಿ ಒಂದೇ ಥರ ಕಂಡರೂ ಬಿಸಿಲಿಗೆ ಬಂದಾಗ ಪಕ್ಕದ ಬಾಗಿಲಿಗಿಂತ ಒಂದು ಛಾಯೆ ಕಪ್ಪಗಿದೆ.

ಸ್ವಂತ ಕಾರಾಗಿದ್ದರೆ ಇದರ ಬಗ್ಗೆ ತಲೆಕೆಡಿಸಿಕೊಳ್ಳುತ್ತಿರಲಿಲ್ಲ. ಲೀಸ್ ಕಾರು ವಾಪಸ್ ಕೊಡುವಾಗ ಪೇಂಟಿನ ದಪ್ಪ ಅಳೆಯುವ ಮೀಟರ್ ಹಿಡಿದು ತಪಾಸಣೆ ಮಾಡಬಹುದು. ಫ್ಯಾಕ್ಟರಿ ಪೇಂಟ್ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ ಆಸುಪಾಸು ಇರುತ್ತದೆ. ಪುಟ್ಟಿ ಮೆತ್ತಿದ ಜಾಗದಲ್ಲಿ ಅದೇ ಮೀಟರ್ ನೂರಾರು ಮೈಕ್ರಾನ್ ಹೆಚ್ಚು ತೋರಿಸುತ್ತದೆ. ಅದಕ್ಕೆ ದಂಡ ಕೇಳಿದರೆ ತೋರಿಸಲು ಕೈಯಲ್ಲಿ ಕಚ್ಚಾ ಬಿಲ್ ಬಿಟ್ಟರೆ ಬೇರೆ ದಾಖಲೆ ಇಲ್ಲ.

ಮಲ್ಟಿ ಬ್ರ್ಯಾಂಡ್ ಗ್ಯಾರೇಜಿಗೆ ಹೋದದ್ದು ಹಾಸನದ ಬಳಿ ಎಮ್ಮೆ ಅಡ್ಡ ಬಂದು ಹೆಡ್‌ಲ್ಯಾಂಪ್ ಒಡೆದಾಗ. ಎಮ್ಮೆಗೆ ಏನೂ ಆಗಲಿಲ್ಲ. ರಾತ್ರಿ ಓಡಿಸಲೇಬೇಕಿತ್ತು. ಬಿಚ್ಚುವ ಮೊದಲೇ ಇನ್ಶೂರೆನ್ಸಿಗೆ ತಿಳಿಸಿ, ವಿಡಿಯೋ ಸರ್ವೆ ಮುಗಿಸಿ, ದುಡ್ಡು ಕೊಟ್ಟು ಮಾಡಿಸಿದೆ. ಕೆಲಸ ಚೆನ್ನಾಗಿತ್ತು, ಬಿಲ್ ಪಕ್ಕಾ ಇತ್ತು. ಆದರೆ ರಿಇಂಬರ್ಸ್‌ಮೆಂಟ್ ಹಣ ಹೋಗುವುದು ಪಾಲಿಸಿದಾರರ ಖಾತೆಗೆ, ಅಂದರೆ ಲೀಸಿಂಗ್ ಕಂಪನಿಗೆ. ಅಲ್ಲಿಂದ ನಮ್ಮ ಆಫೀಸು, ಅಲ್ಲಿಂದ ನನ್ನ ಸಂಬಳದ ಖಾತೆ. ಕೊಟ್ಟ ದುಡ್ಡು ನನ್ನದು, ಬರುವ ದುಡ್ಡಿಗಾಗಿ ಮೂರು ಬಾಗಿಲು ತಟ್ಟಬೇಕು. ದಾರಿ ಮಧ್ಯೆ ಸಿಕ್ಕಿಹಾಕಿಕೊಂಡರೆ ಮಾತ್ರ ಇದು.

ಇನ್ನು ಸರ್ವೀಸ್ ಸೆಂಟರು. ನೀರಿನ ಟ್ಯಾಂಕರೊಂದು ಎಡಬದಿಯ ಎರಡೂ ಬಾಗಿಲು ಸವರಿಕೊಂಡು, ಮುಂದಿನ ಬಂಪರನ್ನೂ ಕಿತ್ತು ಹೋಗಿತ್ತು. ಸವಕಳಿ ಕಡಿತವಿಲ್ಲದೆ ಪಾರ್ಟ್ಸಿನ ಬೆಲೆ ಕೊಡುವ ಝೀರೋ ಡೆಪ್ ಆಡ್-ಆನ್ ಇದ್ದದ್ದು ಇಲ್ಲಿ ಕೈಹಿಡಿಯಿತು. ಅದಿಲ್ಲದಿದ್ದರೆ ಬಂಪರಿನಂಥ ಪ್ಲಾಸ್ಟಿಕ್ ಭಾಗಗಳಿಗೆ ಅರ್ಧ ಬೆಲೆಯನ್ನಷ್ಟೇ ಕೊಡುತ್ತಾರೆ. ತಗಡಿನ ಭಾಗಗಳಿಗೆ ಕಾರಿನ ವಯಸ್ಸು ನೋಡಿ ಕಡಿತ, ಎರಡರಿಂದ ಮೂರು ವರ್ಷದ ಕಾರಾದರೆ ಶೇ. 15. ನಾನು ಕೊಟ್ಟದ್ದು 1500 ಸಿಸಿ ಒಳಗಿನ ಕಾರಿಗೆ ನಮ್ಮ ಪಾಲೆಂದು ಕಡ್ಡಾಯವಾದ 1,000 ರೂಪಾಯಿ, ಜೊತೆಗೆ ಕ್ಲಿಪ್ಪು, ನಟ್ಟು ಬೋಲ್ಟಿನ ಚಿಲ್ಲರೆ. ಝೀರೋ ಡೆಪ್ ಕ್ಲೇಮಿಗೆ ವರ್ಷಕ್ಕೆ ಇಷ್ಟೇ ಎಂಬ ಮಿತಿ ಅನೇಕ ಪಾಲಿಸಿಗಳಲ್ಲಿದೆ, ನೋಡಿಕೊಳ್ಳಿ.

ಸಿಟ್ಟು ಬಂದದ್ದು ಒಂದು ಸೀಲಿನ ವಿಷಯಕ್ಕೆ. ಪಾಲಿಸಿ ಲೀಸಿಂಗ್ ಕಂಪನಿಯ ಹೆಸರಿನಲ್ಲಿರುವುದರಿಂದ ಕ್ಲೇಮ್ ಫಾರ್ಮಿಗೆ ನನ್ನ ಸಹಿ ನಡೆಯುವುದಿಲ್ಲ. ಲೀಸಿಂಗ್ ಕಂಪನಿಯ ಅಧಿಕೃತ ಸಹಿದಾರರು ಸಹಿ ಹಾಕಿ, ಸೀಲ್ ಒತ್ತಬೇಕು. ಆ ಸಹಿದಾರರು ಇರುವುದು ಮುಂಬೈಯಲ್ಲಿ. ಸರ್ವೀಸ್ ಸೆಂಟರಿನವರು ಫಾರ್ಮನ್ನು ಲೀಸಿಂಗ್ ಕಂಪನಿಯ ಸಹಾಯವಾಣಿಗೆ ಮೇಲ್ ಮಾಡಿದರು, ಸಹಾಯವಾಣಿಯವರು ಕ್ಲೇಮ್ ವಿಭಾಗಕ್ಕೆ ಕಳಿಸಿದ್ದೇವೆ ಎಂದರು, ಕ್ಲೇಮ್ ವಿಭಾಗದಿಂದ ಸಹಿಯಾಗಿ ಬಂದ ಪ್ರತಿಯಲ್ಲಿ ಸೀಲೇ ಇರಲಿಲ್ಲ. ಮತ್ತೆ ಅದೇ ಸುತ್ತು. ಸೀಲ್ ಬಂದಾಗ ಇನ್ಶೂರೆನ್ಸಿನ ಪರವಾಗಿ ಹಾನಿ ಪರಿಶೀಲಿಸುವ ಸರ್ವೇಯರ್ ಇನ್ನೊಂದು ಕೇಳಿದರು: ಅಪಘಾತದ ಹೊತ್ತಿಗೆ ಸ್ಟೀರಿಂಗ್ ಹಿಡಿದಿದ್ದ ನನಗೂ ಆರ್‌ಸಿಯಲ್ಲಿರುವ ಕಂಪನಿಗೂ ಏನು ಸಂಬಂಧ ಎಂದು ತೋರಿಸುವ ಪತ್ರ. ಅದಕ್ಕೆ ನಮ್ಮ ಎಚ್‌ಆರ್ ಕಡೆಯಿಂದ ಒಂದು ಪತ್ರ, ಲೀಸಿಂಗ್ ಕಂಪನಿಯಿಂದ ಇನ್ನೊಂದು.

ಅಷ್ಟು ಹೊತ್ತೂ ಕಾರು ವರ್ಕ್‌ಶಾಪಿನ ಮೂಲೆಯಲ್ಲಿ ಬಂಪರ್ ಬಿಚ್ಚಿಕೊಂಡು, ವೈರುಗಳು ಇಳಿಬಿದ್ದ ಸ್ಥಿತಿಯಲ್ಲೇ ನಿಂತಿತ್ತು. ಅನುಮೋದನೆ ಬರದೆ ಪಾರ್ಟ್ಸ್ ಆರ್ಡರ್ ಹಾಕುವುದಿಲ್ಲ ಎಂದರು. ಅವರು ಹೇಳಿದ್ದರಲ್ಲಿ ತಪ್ಪಿಲ್ಲ. ತಪ್ಪಿರುವುದು, ಸಾವಿರಾರು ಕಾರು ಲೀಸ್‌ಗೆ ಕೊಡುವವರು ಒಂದು ಸೀಲನ್ನು ಬೆಂಗಳೂರಿನಲ್ಲಿ ಇಡದಿರುವುದರಲ್ಲಿ. ಕಾರು ನಿಂತ ದಿನಗಳಿಗೂ ಬಾಡಿಗೆ ಕಡಿತವಾಯಿತು, ಕ್ಯಾಬಿನ ಖರ್ಚು ಬೇರೆ. ಬದಲಿ ಕಾರು ನನ್ನ ಒಪ್ಪಂದದಲ್ಲಿ ಇಲ್ಲ.

ಇಷ್ಟಾದರೂ ನನ್ನ ಓಟು ಇದಕ್ಕೇ. ಬೂತಿನಲ್ಲಿ ಹೊಡೆದ ಬಣ್ಣ ಬಿಸಿಲಲ್ಲೂ ಹೊಂದಿಕೊಂಡಿದೆ, ಹೊಸ ಬಂಪರಿನ ಸಂದು ಎರಡೂ ಕಡೆ ಸಮವಾಗಿದೆ, ಇಡೀ ಇತಿಹಾಸ ಅವರದೇ ದಾಖಲೆಯಲ್ಲಿದೆ. ನಾನು ಅವಧಿ ಮುಗಿದ ಮೇಲೆ ಕಾರು ವಾಪಸ್ ಕೊಡುವವನು. ತಿಂಗಳ ಖರ್ಚು ಮೊದಲೇ ಗೊತ್ತಿರಬೇಕು ಎಂದೇ ಲೀಸ್ ಹಿಡಿದವನಿಗೆ ಕೊನೆಯಲ್ಲೊಂದು ದಂಡದ ಬಿಲ್ ಬರುವುದು ಬೇಡ. ಲೀಸ್ ಮುಗಿದಾಗ ಕಾರಿಗೆ ನಿಗದಿಯಾದ ಉಳಿಕೆ ಮೌಲ್ಯ ಕಟ್ಟಿ ಕಾರನ್ನು ನೀವೇ ಇಟ್ಟುಕೊಳ್ಳುವುದಾದರೆ, ತಗಡು ಕಾಣದಂಥ ಸಣ್ಣ ಗೀರಿಗೆ ಟಿಂಕರಿಂಗ್ ಅಂಗಡಿ ಸಾಕು, ಅದೂ ಒಪ್ಪಂದ ಬೇಡ ಎನ್ನದಿದ್ದರೆ.

ದೊಡ್ಡ ಅಪಘಾತಕ್ಕೆ ಮಾತ್ರ ಆಯ್ಕೆಯ ಮಾತೇ ಇಲ್ಲ. ಯಾರಿಗಾದರೂ ಗಾಯವಾದರೆ ಮೊದಲು ಆಸ್ಪತ್ರೆ, ಪೊಲೀಸ್. ರಿಪೇರಿ ಖರ್ಚು ಕಾರಿನ ಐಡಿವಿಯ, ಅಂದರೆ ಪಾಲಿಸಿಯಲ್ಲಿ ಕಾರಿಗೆ ಕಟ್ಟಿದ ಬೆಲೆಯ, ಶೇ. 75 ದಾಟಿದರೆ ಟೋಟಲ್ ಲಾಸ್, ರಿಪೇರಿಯ ಬದಲು ಆ ಬೆಲೆಯನ್ನೇ ಕೊಡುತ್ತಾರೆ. ಆ ಹಣ ಲೀಸಿಂಗ್ ಕಂಪನಿಗೆ ಹೋಗುತ್ತದೆ, ಲೀಸ್ ಮುಚ್ಚಲು ಕಡಿಮೆ ಬಿದ್ದದ್ದನ್ನು ನಿಮ್ಮಿಂದ ಕೇಳಬಹುದು. ಎರಡು ವರ್ಷ ದಾಟಿದ ಕಾರಿನ ಐಡಿವಿ ಆಗಲೇ ಶೇ. 30 ಇಳಿದಿರುತ್ತದೆ. ಟೋಟಲ್ ಲಾಸ್ ಆದಾಗ ಕೊಂಡಾಗಿನ ಬಿಲ್ಲಿನ ಬೆಲೆ ಕೊಡುವ ರಿಟರ್ನ್ ಟು ಇನ್‌ವಾಯ್ಸ್ ಆಡ್-ಆನ್ ಪಾಲಿಸಿಯಲ್ಲಿದೆಯೇ ಎಂದು ಸಹಿ ಹಾಕುವ ಮೊದಲೇ ಕೇಳಿ. ಕ್ಲೇಮ್ ಫಾರ್ಮಿಗೆ ಸೀಲ್ ಒತ್ತುವವರು ಯಾವ ಊರಿನಲ್ಲಿದ್ದಾರೆ ಎಂಬುದನ್ನೂ ಅವತ್ತೇ ಕೇಳಿ, ಕಾರು ಓಡಿಸಲು ನಿಮಗಿರುವ ಅನುಮತಿ ಪತ್ರವನ್ನು ಆರ್‌ಸಿ ಪ್ರತಿಯ ಜೊತೆ ಡ್ಯಾಶ್‌ಬೋರ್ಡಿನಲ್ಲಿ ಇಟ್ಟುಕೊಳ್ಳಿ.