ಅಡಿಕೆ ಲೆಕ್ಕದಲ್ಲಿ ಹೈಕ್ರಾಸ್

ಬ್ರೋಕರ್ ಫೋಟೊ ಹಾಕಿದ ಮೂರನೇ ದಿನಕ್ಕೇ ನಮ್ಮ ಹಳೇ ಇನ್ನೋವಾ ಅಂಗಳ ಬಿಟ್ಟು ಹೋಯಿತು. 2011ರ ಗಾಡಿ. 2 ಲಕ್ಷ 86 ಸಾವಿರ ಕಿಲೋಮೀಟರ್ ಓಡಿತ್ತು. ಎಡಗಡೆ ಬಾಗಿಲ ಮೇಲೆ ಹಲಸಿನ ಮರ ಉಜ್ಜಿದ ಗೀರು ಹಾಗೇ ಇತ್ತು. ತಗೊಂಡವರು ಹೊಸನಗರ ಕಡೆಯ ಅಡುಗೆ ಕಂಟ್ರಾಕ್ಟಿನವರು. ಬಾನೆಟ್ ಎತ್ತಿ ಸ್ಟಾರ್ಟ್ ಮಾಡಿಸಿದರು, ಡಿಪ್‌ಸ್ಟಿಕ್ ಎಳೆದು ಎಣ್ಣೆ ನೋಡಿದರು, ಹಿಂದಿನ ಸೀಟುಗಳನ್ನು ಪಕ್ಕಕ್ಕೆ ನೇತುಹಾಕಿ ಎಷ್ಟು ಪಾತ್ರೆ ಹಿಡಿಯುತ್ತದೆ ಎಂದು ಮೊಳ ಹಾಕಿದರು. 4 ಲಕ್ಷ 60 ಸಾವಿರಕ್ಕೆ ಮಾತು ಮುಗಿಯಿತು, ಅಂದೇ ಆರ್‌ಟಿಜಿಎಸ್ ಆಯಿತು.

2011ರಲ್ಲಿ ಆ ಗಾಡಿಗೆ ರಸ್ತೆಗಿಳಿಯುವ ಹೊತ್ತಿಗೆ ನಾವು ಕೊಟ್ಟದ್ದು 12 ಲಕ್ಷ 40 ಸಾವಿರ. ಕಳೆದು ನೋಡಿದರೆ 14 ವರ್ಷಕ್ಕೆ 7 ಲಕ್ಷ 80 ಸಾವಿರ, ಅಂದರೆ ವರ್ಷಕ್ಕೆ 55 ಸಾವಿರ ಚಿಲ್ಲರೆ ಸವೆದಿದೆ. ಈ ಒಂದು ಲೆಕ್ಕ ತಲೆಯಲ್ಲಿಟ್ಟುಕೊಂಡೇ ಟೊಯೋಟಾದ ಹೊಸ ಇನ್ನೋವಾ ಹೈಕ್ರಾಸ್ ನೋಡಲು ಹೋದದ್ದು. ಹಾಗೆ ಹೋದದ್ದೇ ತಪ್ಪು ಎಂದು ಈಗ ಅನ್ನಿಸುತ್ತದೆ.

ತಪ್ಪು ಯಾಕೆಂದರೆ, ಹೆಸರು ಒಂದೇ ಆದರೂ ಗಾಡಿ ಬೇರೆ. 2005ರಲ್ಲಿ ಕ್ವಾಲಿಸ್ ಜಾಗಕ್ಕೆ ಬಂದ ಇನ್ನೋವಾ, 2016ರಲ್ಲಿ ಬಂದ ಇನ್ನೋವಾ ಕ್ರಿಸ್ಟಾ, ಎರಡೂ ಲಾರಿ ಜಾತಿಯವು. ಕೆಳಗೆ ಗಟ್ಟಿ ಚಾಸಿಸ್, ಅದರ ಮೇಲೆ ಬಾಡಿ, ನಮ್ಮ ಕಡೆ ಎಲ್ಲರೂ ಕೊಂಡದ್ದು ಡೀಸೆಲ್, ಎಳೆಯುವುದು ಹಿಂದಿನ ಚಕ್ರ. 2022ರ ನವೆಂಬರಿನಲ್ಲಿ ತೋರಿಸಿದ ಹೈಕ್ರಾಸ್‌ನಲ್ಲಿ ಇವೆಲ್ಲ ತಲೆಕೆಳಗಾಗಿವೆ. ಚಾಸಿಸ್ ಬೇರೆ ಇಲ್ಲ, ಕಾರಿನ ಹಾಗೆ ಬಾಡಿಯೇ ಎಲ್ಲ ಭಾರ ಹೊರುತ್ತದೆ. ಎಳೆಯುವುದು ಮುಂದಿನ ಚಕ್ರ. ಡೀಸೆಲ್ ಇಲ್ಲವೇ ಇಲ್ಲ. ಮೂತಿ ಎತ್ತರಿಸಿ, ಬಾನೆಟ್ ಅಗಲಿಸಿ ಎಸ್‌ಯುವಿ ವೇಷ ಹಾಕಿದ್ದಾರೆ. ಒಳಗೆ ಅದೇ ಸಂಸಾರದ ವ್ಯಾನು. ಅದನ್ನು ದೂರು ಎಂದುಕೊಳ್ಳಬೇಡಿ, ಮನೆಯಲ್ಲಿ ಏಳು ಜನ ಇರುವವನಿಗೆ ಬೇಕಾದದ್ದು ವ್ಯಾನೇ. ಡೀಸೆಲ್ಲೇ ಬೇಕು ಎನ್ನುವವರಿಗೆ ನಾವು ಕೊಂಡಾಗ ಕ್ರಿಸ್ಟಾ ಇನ್ನೂ ಪಕ್ಕದಲ್ಲೇ ನಿಂತಿತ್ತು. ಎರಡೂ ನಮ್ಮ ಬಿಡದಿಯಲ್ಲೇ ತಯಾರಾಗುವುದು.

ಬೆಲೆಯ ವಿಷಯ. ನಾವು ತಗೊಂಡದ್ದು 7 ಸೀಟಿನ ವಿಎಕ್ಸ್ ಹೈಬ್ರಿಡ್, ಅಂದರೆ ಪೆಟ್ರೋಲ್ ಎಂಜಿನ್ ಜೊತೆ ಬ್ಯಾಟರಿ ಮೋಟಾರೂ ಇರುವ ಮಾದರಿ, 2025ರ ಅಕ್ಟೋಬರಿನಲ್ಲಿ. ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಬದಲಾಗುತ್ತದೆ ಎಂದು ಗೊತ್ತಾದ ಮೇಲೆ ಬೇಕೆಂದೇ ಕಾದೆವು. ಹೈಬ್ರಿಡ್‌ಗೆ ಮೊದಲು ಶೇ 28 ತೆರಿಗೆ, ಮೇಲೆ 15 ಸೆಸ್, ಒಟ್ಟು 43 ಇತ್ತು, ಅದು 40ಕ್ಕೆ ಇಳಿಯಿತು. ದೊಡ್ಡ ಡೀಸೆಲ್ ಎಸ್‌ಯುವಿಗಳಿಗೆ 50ರಿಂದ 40. ಅಂದರೆ ಹೈಬ್ರಿಡ್‌ಗೆ ಇದ್ದ ಸಣ್ಣ ರಿಯಾಯಿತಿಯೂ ಅವತ್ತೇ ಹೋಯಿತು. ಶೋರೂಮ್ ಬೆಲೆ 26 ಲಕ್ಷದ ಸುತ್ತ. ಅದರ ಮೇಲೆ ನಮ್ಮ ರಾಜ್ಯದ ಲೈಫ್‌ಟೈಮ್ ಟ್ಯಾಕ್ಸ್. 20 ಲಕ್ಷ ದಾಟಿದ ಕಾರಿಗೆ ಶೇ 18, ಸೆಸ್ ಸೇರಿ ಹೆಚ್ಚೂಕಮ್ಮಿ 20. ಅಲ್ಲಿಗೇ 5 ಲಕ್ಷಕ್ಕೆ ಮೇಲೆ ಹೋಯಿತು. ಇನ್ಶೂರೆನ್ಸು, ಟಿಸಿಎಸ್ಸು, ಅದೂ ಇದೂ ಸೇರಿ ಮೂವತ್ತೆರಡೂವರೆ ಲಕ್ಷ. (ಟಿಸಿಎಸ್ ಅಂದರೆ ಶೋರೂಮಿನವರು ನಮ್ಮಿಂದ ಹಿಡಿದು ಸರ್ಕಾರಕ್ಕೆ ಕಟ್ಟುವ ಶೇ 1 ತೆರಿಗೆ. ಇನ್‌ಕಮ್ ಟ್ಯಾಕ್ಸ್ ರಿಟರ್ನ್ ಹಾಕುವಾಗ ಲೆಕ್ಕಕ್ಕೆ ಬರುತ್ತದೆ, ಮರೆಯಬೇಡಿ.) ಉತ್ತರ ಪ್ರದೇಶದಲ್ಲಿ 2024ರಲ್ಲಿ ಇಂಥ ಹೈಬ್ರಿಡ್‌ಗಳಿಗೆ ರಿಜಿಸ್ಟ್ರೇಷನ್ ತೆರಿಗೆ ಮನ್ನಾ ಮಾಡಿದರು. ಗಾಡಿ ತಯಾರಾಗುವ ರಾಜ್ಯದವರಾದ ನಾವು ಪೂರ್ತಿ ಕಟ್ಟುತ್ತೇವೆ.

ಅಣ್ಣ ಪ್ರತಿಯೊಂದನ್ನೂ ಅಡಿಕೆಗೆ ತಿರುಗಿಸಿ ನೋಡುವವನು. "ರಾಶಿ ಅಡಿಕೆ ಕ್ವಿಂಟಾಲಿಗೆ ಅರವತ್ತು ಸಾವಿರ ಅಂತಿಟ್ಕೊ, ಐವತ್ನಾಲ್ಕು ಕ್ವಿಂಟಾಲ್ ಆಯ್ತು. ಕೊಳೆ ರೋಗ ಬಂದ್ರೆ ನಮ್ ಇಡೀ ವರ್ಷದ ಬೆಳೆನೂ ಅಷ್ಟಾಗಲ್ಲ" ಅಂದ. ಸಹಿ ಹಾಕುವಾಗ ಮಾತ್ರ ಮೊದಲು ಪೆನ್ನು ತೆಗೆದವನೂ ಅವನೇ.

ಶೋರೂಮಿನ ಹೆಸರು ಬೇಡ. ಆದರೆ ನಡೆದದ್ದು ಹೇಳುತ್ತೇನೆ, ನಿಮಗೂ ಹೀಗೇ ಆಗಬಹುದು. ಬುಕಿಂಗ್ ದಿನ ಬಾಯಲ್ಲಿ ಹೇಳಿದ ಮೊತ್ತಕ್ಕೂ ಡೆಲಿವರಿಗೆ ನಾಲ್ಕು ದಿನ ಇರುವಾಗ ಬಂದ ಕೊಟೇಶನ್ನಿಗೂ 71 ಸಾವಿರ ವ್ಯತ್ಯಾಸ. ನೋಡಿದರೆ "ಎಸೆನ್ಷಿಯಲ್ ಕಿಟ್" ಎಂದು ಒಂದು ಸಾಲು. ಮಡ್‌ಫ್ಲಾಪು, ಮ್ಯಾಟು, ಬಾಗಿಲ ಅಂಚಿನ ಕ್ರೋಮ್ ಪಟ್ಟಿ, ಮತ್ತೊಂದು ಕೋಟಿಂಗು. ಇನ್ಶೂರೆನ್ಸೂ ಅವರದ್ದೇ ಆಗಬೇಕಂತೆ. ಪಾಲಿಸಿ ಎಲ್ಲಿ ಬೇಕಾದರೂ ಮಾಡಿಸಬಹುದು ಎಂಬುದು ನನಗೆ ಗೊತ್ತಿತ್ತು. ಹೊರಗಿನ ಕೊಟೇಶನ್ ತೋರಿಸಿದೆ. "ಸರ್, ಹಾಗಾದ್ರೆ ಡೆಲಿವರಿ ಸ್ವಲ್ಪ ಲೇಟಾಗ್ಬೋದು" ಅಂದ ಆ ಹುಡುಗ, ನನ್ನ ಮುಖ ನೋಡದೆ. ಆಗಲಿ ಅಂದೆ. ಎರಡು ದಿನ ತಡವಾಯಿತು, 40 ಸಾವಿರಕ್ಕೂ ಹೆಚ್ಚು ಉಳಿಯಿತು. ಮ್ಯಾಟು ಮಾತ್ರ ತಗೊಂಡೆ. ಮಲೆನಾಡಿನ ಕೆಸರಿಗೆ ಅದು ಬೇಕೇ ಬೇಕು.

ಗಾಡಿಯನ್ನು ಮನೆಗೆ ತಂದ ದಿನ ಅಮ್ಮನನ್ನು ದೇವಸ್ಥಾನಕ್ಕೆ ಕರೆದುಕೊಂಡು ಹೊರಟೆ. ಬಟನ್ ಒತ್ತಿದೆ, ಮೀಟರಿನಲ್ಲಿ ರೆಡಿ ಎಂದು ಹಸಿರು ದೀಪ ಬಂತು. ಅಮ್ಮ ಸೆರಗು ಸರಿ ಮಾಡಿಕೊಂಡು ಕೂತೇ ಇದ್ದಳು. ಸ್ವಲ್ಪ ಹೊತ್ತಾದ ಮೇಲೆ "ಸ್ಟಾರ್ಟ್ ಆಗ್ಲಿಲ್ವೇನೋ?" ಅಂದಳು. ಅಷ್ಟರಲ್ಲಿ ನಾವು ಗೇಟು ದಾಟಿದ್ದೆವು. ಹಳೆಯದರಲ್ಲಿ ಡೀಸೆಲ್ಲಿನ ಗಡಗಡ ಕೇಳಿಸಿದರೇ ಪ್ರಯಾಣ ಶುರುವಾಯಿತು ಎಂದು ಅವಳ ಲೆಕ್ಕ. ನೆಲ ತಗ್ಗಿದ್ದರಿಂದ ಅಮ್ಮನ ಮಂಡಿಗೆ ಸುಖ. ಮೊದಲು ಹತ್ತಿಸುವಾಗ ಕೈ ಕೊಟ್ಟು ಎತ್ತಬೇಕಿತ್ತು, ಈಗ ತಾನೇ ಕೂರುತ್ತಾಳೆ. ನನ್ನ ಮಟ್ಟಿಗೆ ಈ ಗಾಡಿಯ ದೊಡ್ಡ ತಂತ್ರಜ್ಞಾನ ಅದು.

ಇನ್ನುಳಿದ ತಂತ್ರಜ್ಞಾನವನ್ನು ಚಾರ್ಜರ್ ಹುಡುಕುವ ಎಲೆಕ್ಟ್ರಿಕ್ ಕಾರಿನ ಜೊತೆ ಕಲಸಿಕೊಳ್ಳಬೇಡಿ. 2 ಲೀಟರಿನ ಪೆಟ್ರೋಲ್ ಎಂಜಿನ್, ಜೊತೆಗೆ ಮೋಟಾರು, ಚಿಕ್ಕದೊಂದು ನಿಕಲ್ ಮೆಟಲ್ ಹೈಡ್ರೈಡ್ ಬ್ಯಾಟರಿ. ನಿಧಾನಕ್ಕೆ ಹೋಗುವಾಗ ಮೋಟಾರು, ಬೇಕಾದಾಗ ಎಂಜಿನ್, ಜೋರು ಬೇಕಾದರೆ ಎರಡೂ. ಬ್ರೇಕ್ ಹಿಡಿದಾಗ ವ್ಯರ್ಥವಾಗುವ ಶಕ್ತಿ ಬ್ಯಾಟರಿಗೆ ವಾಪಸ್. 1997ರಲ್ಲಿ ಜಪಾನಿನಲ್ಲಿ ಮೊದಲ ಪ್ರಿಯಸ್ ಬಿಟ್ಟಾಗಿನಿಂದ ಪಳಗಿಸಿಕೊಂಡು ಬಂದ ವಿದ್ಯೆ ಇದು. ಆಗುಂಬೆ ಘಾಟಿ ಇಳಿಯುವಾಗ ಇದರ ಆಟ ನೋಡಬೇಕು. ಮೊದಲ ನಾಲ್ಕೈದು ತಿರುವಿನಲ್ಲಿ ಪರದೆಯ ಮೇಲಿನ ಬ್ಯಾಟರಿ ಗೆರೆಗಳು ಒಂದೊಂದಾಗಿ ತುಂಬುತ್ತವೆ. ತುಂಬಿದ ಮೇಲೆ ಇನ್ನು ಜಾಗವಿಲ್ಲವಲ್ಲ, ಎಂಜಿನ್ ತಾನೇ ಸದ್ದು ಮಾಡಿಕೊಂಡು ಗಾಡಿಯನ್ನು ಹಿಡಿಯುತ್ತದೆ. ಮೊದಲ ಸಲ ಅತ್ತಿಗೆ ಹೆದರಿ "ಏನದು?" ಎಂದು ಕೂಗಿದ್ದಳು.

ಮೈಲೇಜು: ಕಂಪನಿ ಹೇಳುವುದು ಲೀಟರಿಗೆ 23.24 ಕಿಲೋಮೀಟರ್. ಆರು ತಿಂಗಳಲ್ಲಿ 9 ಸಾವಿರ ಕಿಲೋಮೀಟರ್ ಓಡಿಸಿ ಪ್ರತಿ ಸಲ ಟ್ಯಾಂಕ್ ಫುಲ್ ಮಾಡಿ ಬರೆದಿಟ್ಟ ಲೆಕ್ಕದಲ್ಲಿ ನನಗೆ ಸಿಕ್ಕಿದ್ದು ಸರಾಸರಿ 17. ಬೆಂಗಳೂರಿನ ಟ್ರಾಫಿಕ್ಕಿನಲ್ಲಿ 19 ಬಂತು, ಮೈಸೂರು ಹೈವೇಯಲ್ಲಿ 100ರಲ್ಲಿ ಹೋದಾಗ 16. ಹೌದು, ಸಿಟಿಯಲ್ಲೇ ಜಾಸ್ತಿ. ಹೈಬ್ರಿಡ್ ಗುಣವೇ ಹಾಗೆ, ನಿಂತು ನಿಂತು ಹೋದಷ್ಟೂ ಲಾಭ. ಆದ್ದರಿಂದ ತಿಂಗಳಿಗೆ ನೀವು ಎಷ್ಟು, ಎಲ್ಲಿ ಓಡಿಸುತ್ತೀರಿ ಎಂಬುದರ ಮೇಲೆ ಎಲ್ಲ ನಿಂತಿದೆ. ಹೈಬ್ರಿಡ್ ಅಲ್ಲದ ಬರೀ ಪೆಟ್ರೋಲ್ ಹೈಕ್ರಾಸ್ ರಸ್ತೆಗಿಳಿಯುವಾಗ 7 ಲಕ್ಷದಷ್ಟು ಕಮ್ಮಿ. ಅದು 10 ಕೊಡುತ್ತದೆ ಎಂದಿಟ್ಟುಕೊಳ್ಳಿ. ತಿಂಗಳಿಗೆ 1,500 ಕಿಲೋಮೀಟರ್‌ಗೆ ಅದಕ್ಕೆ 150 ಲೀಟರ್, ನನ್ನದಕ್ಕೆ 88. ಪೆಟ್ರೋಲ್ 103 ರೂಪಾಯಿಯಂತೆ ತಿಂಗಳಿಗೆ 6,400 ಉಳಿತಾಯ. 7 ಲಕ್ಷ ವಾಪಸ್ ಬರಲು ಒಂಬತ್ತು ವರ್ಷ ಬೇಕು. ತಿಂಗಳಿಗೆ 3 ಸಾವಿರ ಓಡಿಸುವವರಿಗೆ ನಾಲ್ಕೂವರೆ. ವಾರಕ್ಕೊಮ್ಮೆ ಸಂತೆಗೆ, ವರ್ಷಕ್ಕೊಮ್ಮೆ ಧರ್ಮಸ್ಥಳಕ್ಕೆ ಹೋಗುವವರು ಹೈಬ್ರಿಡ್‌ಗೆ ದುಡ್ಡು ಹಾಕುವುದು ಬೇಡ.

ಮೇಲಿನ ಝಡ್‌ಎಕ್ಸ್ ಒ ಮಾದರಿಯಲ್ಲಿ ರೇಡಾರು, ಕ್ಯಾಮೆರಾ ನೋಡಿಕೊಂಡು ತಾನೇ ಬ್ರೇಕ್ ಹಾಕುವ, ಲೇನ್ ಹಿಡಿಯುವ ಎಡಿಎಎಸ್ ಇದೆ. 5 ಲಕ್ಷಕ್ಕೂ ಹೆಚ್ಚು ಜಾಸ್ತಿ. ತೀರ್ಥಹಳ್ಳಿಯಿಂದ ನಮ್ಮ ಮನೆವರೆಗೆ ರಸ್ತೆಯ ಮೇಲೆ ಬಿಳಿ ಗೆರೆ ಇರುವುದು ಎರಡು ಕಡೆ, ಅದರಲ್ಲಿ ಒಂದರ ಮೇಲೆ ಭತ್ತ ಒಣಗಿಸುತ್ತಾರೆ. ಬೇಡ ಅಂದೆ. ಬೆಂಗಳೂರಿನವರು ಬೇರೆ ಥರ ಯೋಚಿಸಬಹುದು. ಮಹೀಂದ್ರಾದ ಎಕ್ಸ್‌ಯುವಿ 700 ಕೂಡ ಓಡಿಸಿ ನೋಡಿದೆವು. ಓಡಿಸುವವನಿಗೆ ಅದರಷ್ಟು ಮಜಾ ಇದರಲ್ಲಿಲ್ಲ, ಒಪ್ಪುತ್ತೇನೆ. ಅದರ ಮೂರನೇ ಸಾಲಿನಲ್ಲಿ ಆರಡಿ ಎತ್ತರದ ನಮ್ಮ ಭಾವ ಕೂತು ಎದ್ದ ಮೇಲೆ ಆ ಚರ್ಚೆ ಮುಗಿಯಿತು. ಹೈಕ್ರಾಸ್‌ನಲ್ಲಿ ಅವರು ಅದೇ ಸಾಲಿನಲ್ಲಿ ಉಡುಪಿವರೆಗೆ ನಿದ್ದೆ ಮಾಡಿಕೊಂಡು ಬಂದರು. 2025ರಲ್ಲಿ ಭಾರತ್ ಎನ್‌ಕ್ಯಾಪ್ ಎಂಬ ಸುರಕ್ಷತಾ ಪರೀಕ್ಷೆಯಲ್ಲಿ ಹೈಕ್ರಾಸ್‌ಗೆ 5 ಸ್ಟಾರ್ ಬಂದದ್ದು, ಸೇಫ್ಟಿ ಹೇಗೋ ಎನ್ನುತ್ತಿದ್ದ ಅತ್ತಿಗೆಯ ಬಾಯಿ ಮುಚ್ಚಿಸಿತು.

ಒಂದು ಮಾತು, ತೋಟದ ದಾರಿಯಲ್ಲಿ ಉಬ್ಬು, ಅಂದರೆ ಏರು ಇರುವವರಿಗೆ. ಏಳು ಜನ ತುಂಬಿ ಏರು ಹತ್ತುವಾಗ ಭಾರವೆಲ್ಲ ಹಿಂದಕ್ಕೆ ಹೋಗುತ್ತದೆ, ಎಳೆಯುವ ಚಕ್ರ ಮುಂದಿದೆ. ಹಿಂದಿನ ಚಕ್ರ ಎಳೆಯುವ ಹಳೇ ಗಾಡಿಗೆ ಅದೇ ಭಾರ ಸಹಾಯಕ್ಕೆ ಬರುತ್ತಿತ್ತು. ಮಳೆಗಾಲಕ್ಕೆ ಮೊದಲೇ ನಾನು ಮನೆ ಉಬ್ಬಿಗೆ ಎರಡು ಲೋಡ್ ಜಲ್ಲಿ ಹಾಕಿಸಿದೆ. ಅದನ್ನೂ ಗಾಡಿ ಖರ್ಚಿಗೆ ಸೇರಿಸಿಕೊಳ್ಳಿ.

ಈಗ ರೀಸೇಲು. ಇನ್ನೋವಾ ಅಂದರೆ ರೀಸೇಲ್ ಎಂದು ಎಲ್ಲರೂ ಹೇಳುತ್ತಾರೆ, ನಾನೂ ಹೇಳುತ್ತಿದ್ದೆ. ಹಳೆಯದನ್ನು ಮಾರುವ ಮೊದಲು ಕೊನೆಯ ಸಲ ನಮ್ಮ ಮೆಕ್ಯಾನಿಕ್ ಸಾಬರ ಹತ್ತಿರ ತೋರಿಸಲು ಹೋಗಿದ್ದೆ. 14 ವರ್ಷ ಅವರೇ ನೋಡಿಕೊಂಡ ಗಾಡಿ. ಆಗ ಅವರು ಅಂದದ್ದು: "ಗೌಡ್ರೇ, ಈ ಇಂಜಿನ್ ಕಣ್ಣು ಕಟ್ಟಿದ್ರೂ ಬಿಚ್ಚಿ ಜೋಡಿಸ್ತೀನಿ. ನಿಮ್ ಹೊಸದ್ರದ್ದು ಬಾನೆಟ್ ಎತ್ತಿ ನೋಡ್ದೆ ಒಬ್ರ ಹತ್ರ. ಆರೆಂಜ್ ಕಲರ್ ವೈರ್ ಕಂಡ್ತು. ಹಂಗೇ ಮುಚ್ಚಿ ಕೈ ಮುಗ್ದೆ." ಕಿತ್ತಳೆ ಬಣ್ಣದವು ಹೈ ವೋಲ್ಟೇಜ್ ವೈರುಗಳು, ತರಬೇತಿ ಇಲ್ಲದವರು ಮುಟ್ಟಬಾರದು.

ಅಡುಗೆ ಕಂಟ್ರಾಕ್ಟಿನವರು 4 ಲಕ್ಷ 60 ಸಾವಿರ ಕೊಟ್ಟದ್ದು ಟೊಯೋಟಾ ಎಂಬ ಹೆಸರಿಗಲ್ಲ ಎಂದು ನನಗೆ ಹೊಳೆದದ್ದು ಆಮೇಲೆ ಈ ಮಾತು ನೆನಪಾದಾಗ. ಕೊಟ್ಟದ್ದು ಸಾಬರಿಗೆ, ಸಾಬರಂಥವರು ಪ್ರತಿ ತಾಲ್ಲೂಕಿನಲ್ಲೂ ನಾಲ್ಕು ಜನ ಇದ್ದಾರೆ ಎಂಬ ಧೈರ್ಯಕ್ಕೆ. ಟ್ಯಾಕ್ಸಿಯವರು ಇಪ್ಪತ್ತು ವರ್ಷ ಓಡಿಸಿ, ಒಡೆದು, ಕಟ್ಟಿ ಕಲಿಸಿಕೊಟ್ಟ ಧೈರ್ಯ ಅದು. ಹೈಕ್ರಾಸ್‌ಗೆ ಅದು ಇನ್ನೂ ಹುಟ್ಟಬೇಕು. ಸದ್ಯಕ್ಕೆ ಮೂರು ವರ್ಷದ ಹೈಕ್ರಾಸ್‌ಗೆ ಒಳ್ಳೇ ರೇಟೇ ಸಿಗುತ್ತಿದೆ ಎಂದು ಬ್ರೋಕರ್ ಹೇಳುತ್ತಾನೆ, ನಂಬುತ್ತೇನೆ. ವಾರಂಟಿ ಇರುವ ಗಾಡಿ ಯಾರಿಗೆ ಬೇಡ? ಹೈಬ್ರಿಡ್ ಬ್ಯಾಟರಿಗೆ 8 ವರ್ಷ ಅಥವಾ 1 ಲಕ್ಷ 60 ಸಾವಿರ ಕಿಲೋಮೀಟರ್. ಹತ್ತನೇ ವರ್ಷದಲ್ಲಿ ಹೊಸನಗರದವರು ಬಂದು ಬಾನೆಟ್ ಎತ್ತಿದಾಗ ಏನಾಗುತ್ತದೆ ಎಂಬುದೇ ಪ್ರಶ್ನೆ. ಅವರು ಡಿಪ್‌ಸ್ಟಿಕ್ ಎಳೆದು ಸುಮ್ಮನಾಗುವವರಲ್ಲ.

ಹಾಗಾಗಿ ನಾನು ಹಳೆಯದರ ಹಾಗೆ 14 ವರ್ಷ ಇಟ್ಟುಕೊಳ್ಳುವ ಯೋಚನೆ ಬಿಟ್ಟೆ. ಏಳನೇ ವರ್ಷ, ಬ್ಯಾಟರಿ ವಾರಂಟಿ ಇನ್ನೊಂದು ವರ್ಷ ಉಳಿದಿರುವಾಗ ಕೊಡುವುದು. ಸರ್ವೀಸ್ ಒಂದೂ ತಪ್ಪದೆ ಕಂಪನಿಯಲ್ಲೇ, ಬಿಲ್ಲೆಲ್ಲ ಫೈಲಿನಲ್ಲಿ. ಆಗ 15 ಲಕ್ಷ ಬಂತೆಂದರೂ ವರ್ಷಕ್ಕೆ ಎರಡೂವರೆ ಲಕ್ಷ ಸವೆದ ಹಾಗೆ. ಹಳೆಯದರ ನಾಲ್ಕೂವರೆ ಪಟ್ಟು. ಕಟ್ಟಿದ 5 ಲಕ್ಷ ರೋಡ್ ಟ್ಯಾಕ್ಸನ್ನು ಸೆಕೆಂಡ್ ಹ್ಯಾಂಡ್ ಕೊಳ್ಳುವವನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲವಲ್ಲ, ಅದೂ ಅದರಲ್ಲೇ ಇದೆ. ಗೊತ್ತಿದ್ದೇ ತಗೊಂಡೆ, ಅಮ್ಮನ ಮಂಡಿಗೆ, ಭಾವನ ಕಾಲಿಗೆ. ಹಳೆಯದರ ರೀಸೇಲ್ ನೆನಪಿನ ಮೇಲೆ ಇದನ್ನು ಕೊಳ್ಳುವವರು ಒಮ್ಮೆ ತಮ್ಮ ಊರಿನ ಮೆಕ್ಯಾನಿಕ್ಕನ್ನು ಕೇಳಿ ಬರಲಿ.

ತೋಟದ ಡೈರಿಯ ಕೊನೇ ಪುಟದಲ್ಲಿ, ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ ಹೊಡೆದ ತಾರೀಕುಗಳ ಕೆಳಗೆ, "2032 ಅಕ್ಟೋಬರ್, ಗಾಡಿ" ಎಂದು ಬರೆದಿಟ್ಟಿದ್ದೇನೆ. ಅಣ್ಣ ಅದರ ಪಕ್ಕದಲ್ಲಿ ಪೆನ್ಸಿಲಿನಲ್ಲಿ "ಎಷ್ಟು ಕ್ವಿಂಟಾಲ್?" ಎಂದು ಬರೆದು ಖಾಲಿ ಬಿಟ್ಟಿದ್ದಾನೆ.